ಸೊಸೆಯರ ಲೆಕ್ಕ, ಮಗಳಂದಿರ ಹೆರಿಗೆ

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ತರಬೇತಿಯಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಎಲ್ಲಕ್ಕಿಂತ ಮೇಲೆ ರಾಜ್ಯ, ಅದರ ಕೆಳಗೆ ಜಿಲ್ಲೆ, ತಾಲೂಕು, ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ಆಶಾ ಕಾರ್ಯಕರ್ತೆ, ಕಟ್ಟಕಡೆಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿರುವ ಒಬ್ಬ ಗರ್ಭಿಣಿ. ನಡುನಡುವೆ ನೆಟ್ಟಗಿನ ಬಾಣದ ಗುರುತುಗಳು. ಔಷಧಿ ಮೇಲಿನಿಂದ ಕೆಳಗೆ ಬರುತ್ತದೆ, ಅಂಕಿ ಕೆಳಗಿನಿಂದ ಮೇಲೆ ಹೋಗುತ್ತದೆ, ಇದೇ ಆರೋಗ್ಯ ವ್ಯವಸ್ಥೆ ಎಂದು ಹೇಳಿಕೊಡುತ್ತಾರೆ. ಚಿತ್ರ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಅತ್ತೆ ಇಲ್ಲ, ಅವ್ವ ಇಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲೂಕುಗಳ ಹಳ್ಳಿಗಳನ್ನು ಸುತ್ತಿ ನಿವೃತ್ತಳಾದ ಆರೋಗ್ಯ ಸಹಾಯಕಿ ನಾನು. ಗರ್ಭಿಣಿ ಎಲ್ಲಿ ಹೆರಬೇಕೆಂದು ತೀರ್ಮಾನಿಸುವವರು ಆ ಇಬ್ಬರೇ ಎಂಬುದನ್ನು ಕಣ್ಣಾರೆ ನೋಡಿದ್ದೇನೆ.

ಯಾವ ವರ್ಷ ಎಲ್ಲಿಗೆ ವರ್ಗವಾಯಿತು, ಬಡ್ತಿ ಯಾವಾಗ ಬಂತು ಎಂದೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಸೇವಾ ಪುಸ್ತಕದಲ್ಲಿದೆ, ಅದನ್ನು ಓದಿ ಇದುವರೆಗೆ ಯಾರೂ ನಕ್ಕಿಲ್ಲ. ನಮ್ಮ ಕೆಲಸವನ್ನು ಮೇಲಿನವರು ಹೇಗೆ ಅಳೆಯುತ್ತಾರೆ, ಅವರು ಅಳೆಯಲು ಬಂದಾಗ ನಾವು ಹೇಗೆ ಎದೆಯುಬ್ಬಿಸಿ ನಿಲ್ಲುತ್ತೇವೆ ಎಂಬುದನ್ನಷ್ಟೇ ಹೇಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ನಿಮಗೆ ನಾಳೆ ಉಪಯೋಗಕ್ಕೆ ಬಂದೀತು.

ಪರಿಶೀಲನೆ ಎಂದರೇನೆಂದು ನನಗೆ ಮೊದಲು ಕಲಿಸಿದ್ದು ಒಂದು ಗಾಲಿಕುರ್ಚಿ. ಆಸ್ಪತ್ರೆಗಳಿಗೆ ಅಂಕ ಕೊಡುವ ಪದ್ಧತಿ ಆಗಷ್ಟೇ ಶುರುವಾಗಿತ್ತು. ಕಸಕ್ಕೆ ಬಣ್ಣಬಣ್ಣದ ಡಬ್ಬ ಇಟ್ಟಿದ್ದರೆ ಇಷ್ಟು, ಕೈ ತೊಳೆಯುವ ಚಿತ್ರ ಗೋಡೆಗೆ ಅಂಟಿಸಿದ್ದರೆ ಇಷ್ಟು, ಗಾಲಿಕುರ್ಚಿ ಇದ್ದರೆ ಇಷ್ಟು. ಚಾಮರಾಜನಗರ ತಾಲೂಕಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಎರಡು ಆಸ್ಪತ್ರೆಗಳಿಗೆ ಸೇರಿ ಗಾಲಿಕುರ್ಚಿ ಒಂದೇ ಇತ್ತು. ಆ ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ, ಎರಡೂ ಊರಿನವರು ಈಗಲೂ ನನ್ನನ್ನು ಊಟಕ್ಕೆ ಕರೆಯುತ್ತಾರೆ. ಪರಿಶೀಲನಾ ತಂಡ ಬೆಳಗ್ಗೆ ಒಂದು ಆಸ್ಪತ್ರೆಗೆ, ಮಧ್ಯಾಹ್ನ ಇನ್ನೊಂದಕ್ಕೆ ಬರುವುದೆಂದು ಗೊತ್ತಾಯಿತು. ಅವರು ಊಟಕ್ಕೆ ಕುಳಿತ ಹೊತ್ತಿನಲ್ಲಿ ಕುರ್ಚಿಯನ್ನು ಹಾಲಿನ ವ್ಯಾನಿಗೆ ಹಾಕಿ ಮುಂದಕ್ಕೆ ಕಳಿಸಿಬಿಡುವುದೆಂದು ನಾವು ಏರ್ಪಾಡು ಮಾಡಿಕೊಂಡೆವು.

ಕುರ್ಚಿ ಖಾಲಿ ಇದ್ದರೆ ನೋಡಲು ಚೆನ್ನಾಗಿರುವುದಿಲ್ಲವೆಂದು ಬೆಳಗ್ಗೆ ಅದರಲ್ಲಿ ಒಬ್ಬ ತಾತನನ್ನು ಕೂರಿಸಿದ್ದೆವು. ಮಂಡಿ ನೋವಿನ ಮಾತ್ರೆಗೆಂದು ಬಂದಿದ್ದ, ಉಮ್ಮತ್ತೂರಿನ ಕಡೆಯವನು. ತಂಡ ಹೋದ ಮೇಲೆ ತಾತನನ್ನು ಏಳಲು ಹೇಳಿದರೆ ಏಳಲೇ ಇಲ್ಲ.

“ಇಂಥ ಸುಖ ನನ್ ಜಲ್ಮದಲ್ಲೇ ಕಂಡಿರ್ನಿಲ್ಲ ಕಣವ್ವ. ವ್ಯಾನು ನಮ್ಮೂರ್ ಕಡೀಕೇ ತಾನೇ ಓಗದು? ನನ್ನೂ ಇಂಗೇ ಎತ್ತಿ ಮಡಗ್ಬುಡಿ” ಎಂದ.

ವಾದ ಮಾಡಲು ಹೊತ್ತಿರಲಿಲ್ಲ. ಕುರ್ಚಿಯನ್ನೂ ತಾತನನ್ನೂ ಒಟ್ಟಿಗೇ ವ್ಯಾನಿಗೆ ಏರಿಸಿದೆವು. ಮಧ್ಯಾಹ್ನ ಎರಡನೆಯ ಆಸ್ಪತ್ರೆಯ ವರಾಂಡದಲ್ಲಿ ತಾತ ಅದೇ ಠೀವಿಯಲ್ಲಿ ಕುಳಿತಿದ್ದ. ತಂಡದ ಮುಖ್ಯಸ್ಥರು ಒಳಗೆ ಹೆಜ್ಜೆಯಿಟ್ಟವರೇ ನಿಂತುಬಿಟ್ಟರು.

“ತಾತ, ಬೆಳಗ್ಗೆ ನೀವು ಆ ಆಸ್ಪತ್ರೇಲಿ ಇದ್ರಲ್ವಾ?”

“ಊಂ ಸಾ, ಇದ್ದಿ. ನೀವೂ ಅಲ್ಲಿದ್ರಲ್ಲ. ನಿಮ್ಗೂ ಅಲ್ಲಿ ಮಾತ್ರೆ ಕೊಡ್ನಿಲ್ವಾ?”

ನಾನು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಔಷಧಿ ಕೋಣೆಗೆ ಓಡಿದೆ. ಮುಖ್ಯಸ್ಥರು ಎರಡೂ ಆಸ್ಪತ್ರೆಗೆ ಅಂಕ ಕಳೆದರು. ಆದರೆ ವರದಿಯಲ್ಲಿ ಏನು ಬರೆದರೋ, ಕೆಲವು ತಿಂಗಳಲ್ಲಿ ಇನ್ನೊಂದು ಗಾಲಿಕುರ್ಚಿ ಬಂತು. ಪರಿಶೀಲನೆ ಮಾಡುವವರು ನಮ್ಮ ಶತ್ರುಗಳಲ್ಲ, ಅವರ ಕಣ್ಣಿಗೆ ನಿಜ ಬಿದ್ದರೆ ನಮಗೇ ಲಾಭ ಎಂಬ ಅನುಮಾನ ನನಗೆ ಆಗಲೇ ಬಂದದ್ದು. ನಿಜವನ್ನು ಅವರ ಕಣ್ಣಿಗೆ ಬೀಳಿಸುವುದು ಎಷ್ಟು ಕಷ್ಟವೆಂದು ಗೊತ್ತಾದದ್ದು ಮಾತ್ರ ಗುಂಡ್ಲುಪೇಟೆ ತಾಲೂಕಿಗೆ ಹೋದ ಮೇಲೆ.

ಅಲ್ಲಿ ನನ್ನ ಪಾಲಿಗೆ ಬಂದ ಒಂದು ಆಸ್ಪತ್ರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುವಷ್ಟು ಹತ್ತಿರದಲ್ಲಿತ್ತು. ಸುತ್ತ ಚೆಂಡು ಹೂವಿನ ಹೊಲ, ಅರಿಶಿನ, ಬಾಳೆ, ಅದರಾಚೆಗೆ ಕಾಡು. ಒಂದೇ ಮಂಚದ ಹೆರಿಗೆ ಕೋಣೆ, ಅದನ್ನು ನೋಡಿಕೊಳ್ಳಲು ಮಹದೇವಮ್ಮ ಎಂಬ ನರ್ಸು. ಮಹದೇವಮ್ಮನ ಕೈಗುಣ ಹೇಗಿತ್ತೆಂದರೆ, ಬಸುರಿಯ ಹೊಟ್ಟೆ ಮುಟ್ಟಿ ಇದು ಇಲ್ಲೇ ಆಗುತ್ತದೆ, ಇದು ಪೇಟೆಗೆ ಹೋಗಬೇಕು ಎಂದು ಮೊದಲೇ ಹೇಳಿಬಿಡುವಳು, ಅಪಾಯದವರನ್ನು ವಾರ ಮುಂಚೆಯೇ ಕಳಿಸಿಬಿಡುವಳು. ಬಾಯಿ ಮಾತ್ರ ಬಲು ಜೋರು. ಗಂಡಸರು ಹೆರಿಗೆ ಕೋಣೆಯ ಕಿಟಕಿಯ ಬಳಿ ಸುಳಿದರೆ ಬಿಸಿನೀರು ಎರಚುತ್ತೇನೆಂದು ಹೆದರಿಸುತ್ತಿದ್ದಳು. ಒಮ್ಮೆ ಎರಚಿಯೂ ಇದ್ದಳು, ಆದರೆ ತಣ್ಣೀರು.

ಹೀಗಿರುವಾಗ ಮೇಲಿನಿಂದ ಒಂದು ಹೊಸ ನಿಯಮ ಬಂತು. ಪ್ರತಿ ಆಸ್ಪತ್ರೆಯೂ ತನ್ನ ವ್ಯಾಪ್ತಿಯಲ್ಲಿ ನೋಂದಾಯಿಸಿದ ಗರ್ಭಿಣಿಯರಲ್ಲಿ ಎಷ್ಟು ಜನರಿಗೆ ತನ್ನಲ್ಲೇ ಹೆರಿಗೆ ಮಾಡಿಸಿದೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಜಾಸ್ತಿ ಇದ್ದರೆ ಹಸಿರು, ನಡುವೆ ಇದ್ದರೆ ಹಳದಿ, ಕಡಿಮೆ ಇದ್ದರೆ ಕೆಂಪು. ಬಹಳ ಕಾಲ ಕೆಂಪಾಗಿಯೇ ಉಳಿದ ಕಡೆ ಹೆರಿಗೆ ಕೋಣೆ ಮುಚ್ಚಿ ನರ್ಸನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದು. ಕಾಗದದ ಮೇಲೆ ನ್ಯಾಯವಾಗಿಯೇ ಇತ್ತು. ಮೊದಲ ತಿಂಗಳಿನಿಂದಲೇ ನಮ್ಮ ಆಸ್ಪತ್ರೆ ಕೆಂಪಾಯಿತು.

ಯಾಕೆಂದರೆ ಸರ್ಕಾರ ಎಣಿಸುವುದು ಸೊಸೆಯರನ್ನು, ನಮ್ಮ ಕೋಣೆಗೆ ಹೆರಲು ಬರುವವರು ಮಗಳಂದಿರು. ಬಸುರಿ ಮೂರು ತಿಂಗಳಿದ್ದಾಗ ಗಂಡನ ಮನೆಯ ಊರಿನಲ್ಲಿ ಅವಳ ಹೆಸರು ಬರೆದುಕೊಂಡು ತಾಯಿ ಕಾರ್ಡ್ ಕೊಡುತ್ತೇವೆ. ಏಳು ತುಂಬುತ್ತಲೂ ಅವಳು ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಹೊರಡುತ್ತಾಳೆ. ನಮ್ಮ ಸೊಸೆಯರ ತವರು ತಾಳವಾಡಿ, ಗೂಡಲೂರು, ನಂಜನಗೂಡು, ಹರದನಹಳ್ಳಿ ಎಂದು ದಿಕ್ಕುದಿಕ್ಕಿಗೆ. ಅವರ ಹೆರಿಗೆ ಅಲ್ಲಿ, ಕೆಂಪು ಬಣ್ಣ ನಮಗೆ. ಇತ್ತ ನಮ್ಮೂರ ಮಗಳಂದಿರು ಎಲ್ಲೆಲ್ಲಿಂದಲೋ ಹೊಟ್ಟೆ ಹೊತ್ತುಕೊಂಡು ಅವ್ವನ ಮನೆಗೆ ಬಂದು ಮಹದೇವಮ್ಮನ ಕೈಯಲ್ಲಿ ಹೆರುತ್ತಾರೆ. ಅವರ ನೋಂದಣಿ ಬೇರೆ ಊರಿನದು, ಕೆಲವೊಮ್ಮೆ ಬೇರೆ ರಾಜ್ಯದ್ದು. ಕಂಪ್ಯೂಟರು ಅವರನ್ನು ‘ಇತರೆ’ ಎಂಬ ಕಡೆ ಹಾಕುತ್ತಿತ್ತು, ಬಣ್ಣ ಹಚ್ಚುವಾಗ ಆ ಇತರೆಯನ್ನು ನೋಡುತ್ತಲೇ ಇರಲಿಲ್ಲ.

ಇದರಿಂದ ಎಲ್ಲರಿಗಿಂತ ಹೆಚ್ಚು ಹೆದರಿದವಳು ಸಿದ್ದಮ್ಮ. ಆಸ್ಪತ್ರೆಯ ಪಕ್ಕದ ಮನೆಯವಳು, ಚೆಂಡು ಹೂವು ಬಿಡಿಸುವ ಕೂಲಿಗೆ ಹೋಗಿ ಬೆರಳೆಲ್ಲ ಹಳದಿ ಮಾಡಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂರುವವಳು. ಅವಳ ಹಿರಿಯ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಾಗ ನಮ್ಮಲ್ಲಿ ಹೆರಿಗೆ ಕೋಣೆ ಇರಲಿಲ್ಲ. ನೋವು ಬಂದ ಮೇಲೆ ಪೇಟೆಗೆ ಹೊರಟ ಜೀಪಿಗೆ ಆನೆಗಳು ಅಡ್ಡ ನಿಂತವು. ಅವು ಸರಿಯುವಷ್ಟರಲ್ಲಿ ಜೀಪಿನಲ್ಲೇ ಹೆರಿಗೆಯಾಯಿತು, ಕೂಸು ಉಳಿಯಲಿಲ್ಲ. ಈಗ ಕಿರಿಯ ಮಗಳು ರತ್ನಿ ಕೇರಳದ ಬತ್ತೇರಿಯ ಕಡೆಗೆ ಮದುವೆಯಾಗಿ ಹೋಗಿ ಚೊಚ್ಚಲ ಬಸುರಿಯಾಗಿದ್ದಳು.

“ಅಮ್ಮಣ್ಣಿ, ಕ್ವಾಣೆ ಮುಚ್ಚೋದೇ ನಿಜ ಆದ್ರೆ ಈಗ್ಲೇ ಯೋಳ್ಬುಡು. ರತ್ನಿಯ ಬರ್ಬ್ಯಾಡ ಅಂದ್ಬುಡ್ತೀನಿ” ಎಂದಳು ಒಂದು ದಿನ. ಊರಿನಲ್ಲಿ ನನ್ನನ್ನು ಅಮ್ಮಣ್ಣಿ ಎಂದೇ ಕರೆಯುತ್ತಿದ್ದರು. ತವರಿಗೆ ಬರಬೇಡವೆಂದು ಚೊಚ್ಚಲ ಬಸುರಿಗೆ ಹೇಳಲು ಹೊರಟ ಆ ತಾಯಿಗೆ, ಈಗಲೇ ಏನೂ ಹೇಳಬೇಡ ಎಂದೆ.

ಏನಾದರೂ ಮಾಡಲೇಬೇಕಿತ್ತು. ನಮ್ಮ ವೈದ್ಯರು ಡಾಕ್ಟರ್ ಕಿರಣ್, ದಾವಣಗೆರೆ ಕಡೆಯ ಎಳೆಯ ವಯಸ್ಸಿನವರು, ಲೆಕ್ಕದಲ್ಲಿ ಚುರುಕು. ಸೊಸೆಯರು ತವರಿಗೆ ಹೋಗದೆ ಇಲ್ಲೇ ಹೆತ್ತರೆ ಬಣ್ಣ ತಾನಾಗಿ ಹಸಿರಾಗುತ್ತದೆ ಎಂದು ಕಂಡುಹಿಡಿದರು. ಬುದ್ಧಿ ಅವರದು, ಬಾಯಿ ನನ್ನದು. ಮನೆಮನೆಗೆ ಹೋಗಿ “ಸೊಸೆಯನ್ನ ಕಳಿಸ್ಬೇಡಿ, ನಿಮ್ಮೂರಲ್ಲೇ ಹೆರಿಗೆ ಮಾಡ್ಸಿ” ಎಂದು ಪ್ರಚಾರ ಮಾಡಿದೆ. ಅತ್ತೆಯರು ಹೂಂ ಹೂಂ ಎಂದು ಕಾಫಿ ಕೊಟ್ಟು ಕಳಿಸಿದರು, ಸೊಸೆಯರನ್ನೂ ಅಷ್ಟೇ ಪ್ರೀತಿಯಿಂದ ತವರಿಗೆ ಕಳಿಸಿದರು. ಚೊಚ್ಚಲ ಬಾಣಂತನದ ಜವಾಬ್ದಾರಿಯನ್ನು ಯಾವ ಅತ್ತೆ ತಾನೇ ಮೈಮೇಲೆ ಎಳೆದುಕೊಂಡಾಳು?

ಒಬ್ಬ ಅತ್ತೆ ಮಾತ್ರ ನನ್ನ ಮಾತು ನಂಬಿ, ಕರೆದೊಯ್ಯಲು ಬಂದಿದ್ದ ಬೀಗರನ್ನು “ಡಾಕ್ಟ್ರು ಕಳಿಸಬ್ಯಾಡಿ ಅಂದವ್ರೆ” ಎಂದು ಹಿಂದಕ್ಕೆ ಅಟ್ಟಿಬಿಟ್ಟಳು. ಮಾರನೆಯ ದಿನವೇ ತಾಳವಾಡಿಯಿಂದ ಒಂದು ಲಗೇಜು ಆಟೋ ಆಸ್ಪತ್ರೆಯ ಮುಂದೆ ನಿಂತಿತು. ಹುಡುಗಿಯ ತಾಯಿ, ಅವಳ ಹಿಂದೆ ಚಿಕ್ಕಮ್ಮಂದಿರು, ಅತ್ತಿಗೆಯರು ಇಳಿದರು.

“ಎಲ್ಲವ್ವಾ ಆ ಡಾಕ್ಟ್ರು? ನನ್ ಮಗಳ ಬಾಣಂತನ ಅವನು ಮಾಡಾನಾ? ತಲೆಗೆ ಎಣ್ಣೆ ತಿಕ್ಕಿ ನೀರು ಉಯ್ದಾನಾ? ಸೊಂಟಕ್ಕೆ ಬಟ್ಟೆ ಕಟ್ಟಾನಾ?”

ಡಾಕ್ಟರ್ ಕಿರಣ್ ಲಸಿಕೆಯ ಫ್ರಿಡ್ಜು ಇರುವ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ನಾನು ಆ ತಾಯಿಯ ಕೈ ಹಿಡಿದು, “ಕೋಪ ಮಾಡ್ಕೋಬೇಡಿ ಕಣವ್ವ, ನಮ್ಮ ಆಸ್ಪತ್ರೆ ಕೆಂಪಾಗ್ಬಿಟ್ಟಿದೆ, ಅದಕ್ಕೆ” ಎಂದೆ.

“ಕೆಂಪಾದ್ರೆ ಸುಣ್ಣ ಬಳ್ಕಳಿ! ನನ್ ಮಗಳ ಯಾಕ್ ಇಡ್ಕಂಡೀರಿ?”

ಆ ಹೆಂಗಸರು ಹುಡುಗಿಯನ್ನು ಆಟೋ ಹತ್ತಿಸಿಕೊಂಡು ಹೋದರು. ಹೋಗುವಾಗ ಹುಡುಗಿ ನನ್ನತ್ತ ನೋಡಿ ನಕ್ಕಳು, ಬಹಳ ಖುಷಿಯಲ್ಲಿದ್ದಳು. ಡಾಕ್ಟರು ಚಿಲಕ ತೆಗೆದು ಇಣುಕಿ, “ಹೋದ್ರಾ?” ಎಂದರು. ಮಹದೇವಮ್ಮ ಮೂರು ದಿನ ನಮ್ಮಿಬ್ಬರ ಜೊತೆ ಮಾತನಾಡದೆ ಬರೀ ನಗುತ್ತ ಓಡಾಡಿದಳು. ಅಂಕಿ ಸರಿಮಾಡಲು ಹೋಗಿ ಊರಿನ ಪದ್ಧತಿಗೆ ಕೈ ಹಾಕಬೇಡಿ, ಹುಡುಗಿಯರೇ. ಹಾಕುವುದಾದರೆ ಚಿಲಕ ಇರುವ ಕೋಣೆಯೊಂದನ್ನು ಮೊದಲೇ ನೋಡಿಟ್ಟುಕೊಳ್ಳಿ.

ಅಷ್ಟರಲ್ಲಿ ಕೋಣೆ ಮುಚ್ಚುವ ಮುಂಚೆ ಒಮ್ಮೆ ನೋಡಿಬರಲು ಜಿಲ್ಲೆಯಿಂದ ಡಾಕ್ಟರ್ ವಿನುತಾ ಎಂಬವರನ್ನು ಕಳಿಸಿದರು. ಜೀಪಿನಿಂದ ಅವರು ನಿಧಾನವಾಗಿ ಸೊಂಟ ಹಿಡಿದುಕೊಂಡು ಇಳಿದಾಗ ಜಗಲಿಯಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತರು. ಅಧಿಕಾರಿಯೆಂಬ ಗೌರವದಿಂದಲ್ಲ, ಆಕೆ ತುಂಬು ಬಸುರಿ ಎಂಬ ಕಾರಣಕ್ಕೆ. ನಾವು ಫಿನಾಯಿಲ್ ಹಾಕಿ ಒರೆಸಿದ ನೆಲವಾಗಲಿ, ಸಾಲಾಗಿ ಇಟ್ಟ ಬಣ್ಣದ ಡಬ್ಬಗಳಾಗಲಿ ಯಾರ ಗಮನಕ್ಕೂ ಬರಲಿಲ್ಲ. ಸಿದ್ದಮ್ಮ ತನ್ನ ಮನೆಯಿಂದ ಕುರ್ಚಿ ತಂದು ಹಾಕಿದಳು, ಇನ್ನೊಬ್ಬಳು ಮಜ್ಜಿಗೆ ತಂದಳು.

ಡಾಕ್ಟರ್ ವಿನುತಾ ಟ್ಯಾಬ್ ತೆರೆದು ಪ್ರಶ್ನೆ ಕೇಳಲು ಹೊರಟರು. ಅವರಿಗಿಂತ ಮುಂಚೆ ಸಿದ್ದಮ್ಮನೇ ಶುರು ಮಾಡಿದಳು.

“ಎಷ್ಟು ತಿಂಗಳವ್ವಾ ನಿಮ್ಗೆ?”

“ಎಂಟು.”

“ಇಂಥಾ ಒತ್ನಲ್ಲಿ ಜೀಪಲ್ಲಿ ಅಲೀತೀರಲ್ಲ ತಾಯಿ! ಚೊಚ್ಲಾ?”

“ಹೂಂ.”

“ಗಂಡನ್ ಮನೆ ಎಲ್ಲಿ?”

“ಚಾಮರಾಜನಗರದಲ್ಲೇ ಇದ್ದೀವಿ.”

“ತವರು?”

“ಅರಸೀಕೆರೆ. ಬರೋ ವಾರ ರಜ ಹಾಕಿ ಅಮ್ಮನ ಮನೆಗೆ ಹೋಗ್ತೀನಿ” ಎಂದರು ಡಾಕ್ಟರ್ ವಿನುತಾ. ಹೇಳಿದವರೇ ಕೈಯಲ್ಲಿದ್ದ ಟ್ಯಾಬ್ ನೋಡಿದರು. ನಮ್ಮ ಆಸ್ಪತ್ರೆಯ ಕೆಂಪು ಬಣ್ಣ ಅದರ ಮೇಲೆ ಕಾಣುತ್ತಿತ್ತು. ನನಗೆ ಬಾಯಿ ಕಟ್ಟಿಕೊಂಡು ಕೂರುವ ಅಭ್ಯಾಸವಿಲ್ಲ.

“ಮೇಡಂ, ನಿಮ್ಮ ತಾಯಿ ಕಾರ್ಡ್ ಯಾವ ಆಸ್ಪತ್ರೇದು?” ಎಂದೆ.

“ಚಾಮರಾಜನಗರದ್ದೇ.”

“ಹಾಗಾದ್ರೆ ನಿಮ್ಮಿಂದ ಚಾಮರಾಜನಗರಕ್ಕೆ ಒಂದು ಹೆರಿಗೆ ಕಮ್ಮಿ. ಅರಸೀಕೆರೇಲಿ ನೀವು ಇತರೆ.”

ಅವರು ಟ್ಯಾಬನ್ನು ಕವುಚಿಟ್ಟರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಎಷ್ಟು ನಕ್ಕರೆಂದರೆ ಮಹದೇವಮ್ಮ ಓಡಿಬಂದು, “ಮೇಡಂ, ನಗೋದು ಸ್ವಲ್ಪ ಕಮ್ಮಿ ಮಾಡಿ, ಇಲ್ಲೇ ಆಗ್ಬುಟ್ಟಾತು” ಎಂದು ಬೆನ್ನು ಸವರಿದಳು. ನಾನು ಅದಾದರೂ ನಮ್ಮ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಇಲ್ಲ, ಅದೂ ಇತರೆಗೇ ಹೋಗುತ್ತದೆ ಎಂದರು ಅವರು, ಕಣ್ಣು ಒರೆಸಿಕೊಳ್ಳುತ್ತ.

ಹೊರಡುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದರು. “ಅಮ್ಮಣ್ಣಿ ಮೇಡಂ, ನಾನು ವರದಿಯಲ್ಲಿ ಎಲ್ಲಾ ಬರೀತೀನಿ. ಆದ್ರೆ ಕೋಣೆ ಮುಚ್ಚೋದು ತೀರ್ಮಾನ ಆಗೋ ಜಿಲ್ಲಾ ಸಭೇಲಿ ಪರದೆ ಮೇಲೆ ಬರೋದು ನನ್ನ ವರದಿ ಅಲ್ಲ, ಬಣ್ಣ. ಆ ದಿನ ನಾನು ಅಮ್ಮನ ಮನೇಲಿರ್ತೀನಿ. ನೀವೇ ಬಾಯಿಬಿಟ್ಟು ಹೇಳ್ಬೇಕು” ಎಂದರು. ಬಾಯಿ ಬಿಡಲು ನನಗೆ ಮೇಲಧಿಕಾರಿಯೊಬ್ಬರು ಅಪ್ಪಣೆ ಕೊಟ್ಟದ್ದು ಇಡೀ ಸೇವೆಯಲ್ಲಿ ಅದೊಂದೇ ಸಲ.

ಸಿದ್ದಮ್ಮ ಕೊನೆಗೂ ರತ್ನಿಗೆ ಬರಬೇಡ ಎನ್ನಲಿಲ್ಲ. ಹೇಳಲು ಬಾಯೇ ಬರಲಿಲ್ಲವಂತೆ. ರತ್ನಿ ಬಂದಳು. ಸಭೆಗೆ ಎರಡು ದಿನ ಇರುವಾಗ ಬೆಳಗ್ಗೆ ನೋವು ಶುರುವಾಯಿತು. ನಾನೂ ಅಲ್ಲೇ ಇದ್ದೆ. ಅವಳು ಕೇರಳದಿಂದ ತಂದಿದ್ದ ಕಾರ್ಡನ್ನು ಡಾಕ್ಟರ್ ಕಿರಣ್ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು, ನೋವು ತಿನ್ನುತ್ತಲೇ ರತ್ನಿ ಮಲಯಾಳದ ಸಾಲುಗಳನ್ನು ಅವರಿಗೆ ಓದಿ ಹೇಳಿದಳು. ಸಿದ್ದಮ್ಮ ಹೊರಗೆ ಜಗಲಿಯಲ್ಲಿ ಗೋಡೆಗೆ ಆತು ಕುಳಿತಿದ್ದಳು. ಅವಳು ಅಳಲೂ ಇಲ್ಲ, ಯಾರನ್ನೂ ಏನೂ ಕೇಳಲೂ ಇಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿ ಆಸ್ಪತ್ರೆಯ ಹೆಂಚು ಹಾರುವಂತೆ ಕಿರುಚಿತು. ಬತ್ತೇರಿಯಲ್ಲಿದ್ದ ಅಪ್ಪನಿಗೆ ಕೇಳಿಸಲೆಂದು ಮಹದೇವಮ್ಮ ಆ ಅಳುವನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದಳು, ನನಗೂ ಕಳಿಸಿದಳು.

ಚಾಮರಾಜನಗರದ ಸಭೆಗೆ ನಾನೂ ಡಾಕ್ಟರ್ ಕಿರಣ್ ಅವರೂ ಹೋದೆವು. ಪರದೆಯ ಮೇಲೆ ಆಸ್ಪತ್ರೆಗಳ ಹೆಸರು, ಹೆಸರಿನ ಪಕ್ಕ ಬಣ್ಣ. ಕಟ್ಟಕಡೆಯ ಸಾಲಿನಲ್ಲಿ ಅಚ್ಚ ಕೆಂಪಿನಲ್ಲಿ ನಾವು. ಆ ತಿಂಗಳು ನಮ್ಮ ಸೊಸೆಯರಲ್ಲಿ ಒಬ್ಬಳೂ ನಮ್ಮಲ್ಲಿ ಹೆತ್ತಿರಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಸಾಹೇಬರು ಕನ್ನಡಕ ಸರಿಮಾಡಿಕೊಂಡರು.

“ಏನ್ರೀ ಇದು, ಸೊನ್ನೆ? ಇಡೀ ತಿಂಗಳಲ್ಲಿ ಒಂದೇ ಒಂದು ಮಗುವೂ ಹುಟ್ಟಲಿಲ್ವಾ ನಿಮ್ಮಲ್ಲಿ?”

ಡಾಕ್ಟರ್ ಕಿರಣ್ ಎದ್ದು ನಿಂತು ಬಾಗಿಲುಗಳ ಕಡೆ ನೋಡಿದರು. ಪಾಪ, ಆ ಸಭಾಂಗಣದಲ್ಲಿ ಚಿಲಕ ಹಾಕಿಕೊಳ್ಳುವ ಕೋಣೆಯೂ ಇರಲಿಲ್ಲ. ನಾನು ಎದ್ದು ಮೊಬೈಲ್ ತೆಗೆದು ಮೈಕಿಗೆ ಹಿಡಿದು ಗುಂಡಿ ಒತ್ತಿದೆ. ರತ್ನಿಯ ಮಗಳು ಇಡೀ ಸಭಾಂಗಣ ಬೆಚ್ಚುವಂತೆ ಅತ್ತಳು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ಕುಳಿತರು.

“ಯಾರ ಮಗು ಅದು?” ಎಂದರು ಸಾಹೇಬರು.

“ನಮ್ಮಲ್ಲಿ ಮೊನ್ನೆ ಹುಟ್ಟಿದ್ದು ಸಾರ್. ಈ ಪರದೆ ಪ್ರಕಾರ ಇನ್ನೂ ಹುಟ್ಟಿಲ್ಲ. ಹಾಲಿಗೆ ಮಾತ್ರ ಅಳ್ತಾ ಇದೆ.”

ಸಭೆ ಗೊಳ್ಳೆಂದಿತು. ಆ ನಗುವಿನ ನಡುವೆಯೇ ನಾನು ಸೊಸೆಯರ ವಿಷಯ, ಮಗಳಂದಿರ ವಿಷಯ, ಜೀಪಿನಲ್ಲಿ ಹೋದ ಕೂಸಿನ ವಿಷಯ ಎಲ್ಲ ಹೇಳಿದೆ. ಕೂಸಿನ ಮಾತಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. ಸಾಹೇಬರು ಡಾಕ್ಟರ್ ವಿನುತಾ ಅವರ ವರದಿಯನ್ನು ತರಿಸಿಕೊಂಡು ಅಲ್ಲೇ ಓದಿದರು. ಈ ಲೆಕ್ಕ ಬದಲಾಯಿಸುವುದು ತಮ್ಮ ಕೈಯಲ್ಲಿಲ್ಲ, ಮೇಲಕ್ಕೆ ಬರೆಯಬಹುದು ಅಷ್ಟೇ ಎಂದರು.

“ಅಲ್ಲೀವರೆಗೆ ನೀವು ಕೆಂಪಾಗೇ ಇರಿ. ಪ್ರತಿ ಸಭೇಲೂ ನಾನು ನಿಮ್ಮನ್ನ ಬೈತೀನಿ, ನೀವು ಬೈಸ್ಕೊಳ್ಳಿ. ಕೋಣೆ ಮುಚ್ಚೋದು ಬೇಡ.”

ಸಭಾಂಗಣದಿಂದ ಹೊರಗೆ ಬಂದವಳೇ ಸಿದ್ದಮ್ಮನಿಗೆ ಫೋನ್ ಮಾಡಿದೆ. ಮುಚ್ಚುವುದಿಲ್ಲವಂತೆ ಎಂದೆ. ಹೆರಿಗೆಯ ದಿನ ಅಳದವಳು ಈಗ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ, “ಅಮ್ಮಣ್ಣಿ, ನಿಂಗೊಂದು ಯೋಳಿರ್ನಿಲ್ಲ. ನನ್ ದೊಡ್ಡವಳೂ ಬಸ್ರಿ ಕಣವ್ವ, ಮೂರು ತಿಂಗ್ಳು. ಕ್ವಾಣೆ ಮುಚ್ತೀರೇನೋ ಅಂತ ನಾನು ಅವಳ್ಗೆ ಬಾ ಅನ್ನಕ್ಕೂ ಆಗ್ದೆ, ಬ್ಯಾಡ ಅನ್ನಕ್ಕೂ ಆಗ್ದೆ, ಬಾಯ್ಮುಚ್ಕಂಡು ಕುಂತಿದ್ದಿ” ಎಂದಳು.

“ಈಗ ಕರಿ, ಸಿದ್ದಮ್ಮ. ಇವತ್ತೇ ಕರಿ” ಎಂದೆ. ನನ್ನ ಕಣ್ಣಲ್ಲೂ ನೀರು ಬಂದಿತ್ತು.

ಸಿದ್ದಮ್ಮ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಅವಳು ಎತ್ರೂ ನಿಮ್ಮ ಲೆಕ್ಕಕ್ಕೆ ಬರಾಕಿಲ್ಲ ಅಲ್ವಾ?”

“ಬರಲ್ಲ.”

“ಬರ್ದಿದ್ರೆ ಬುಡು. ಅವಳು ಬತ್ತಾಳಲ್ಲ.”